ಏಳನೆಯ ರೀಲು

ಚುಕ್ಕೆ ಬರಲಿಲ್ಲ, ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಇಷ್ಟು ಹೊತ್ತಿಗೆ ಒಂದು ಬರಬೇಕಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವ ದುಂಡನೆಯ ಚುಕ್ಕೆ, ಅದು ಕಂಡ ಕೂಡಲೇ ಎರಡನೇ ಮೆಷಿನ್ನಿನ ಮೋಟಾರು ಹಾಕಬೇಕು, ಮನಸ್ಸಿನಲ್ಲೇ ಏಳರ ತನಕ ಎಣಿಸಬೇಕು, ಎಣಿಸಿ ಮುಗಿಯುವಾಗ ಇನ್ನೊಂದು ಚುಕ್ಕೆ, ಆಗ ಈ ಮೆಷಿನ್ನಿನ ಬೆಳಕು ಮುಚ್ಚಿ ಆ ಮೆಷಿನ್ನಿನದು ತೆರೆಯಬೇಕು — ಕೆಳಗೆ ಕೂತ ನಾನೂರು ಜನರಲ್ಲಿ ಒಬ್ಬರಿಗೂ ರೀಲು ಬದಲಾದದ್ದು ತಿಳಿಯಬಾರದು, ತಿಳಿಯದಿದ್ದರೆ ಆಪರೇಟರ್ ಒಳ್ಳೆಯವನು, ತಿಳಿದರೆ ಶಿಳ್ಳೆ, ಬೈಗುಳ, ಕುರ್ಚಿ ಬಡಿತ, ಮೂವತ್ತಾರು ವರ್ಷ ಹೀಗೆ ಯಾರಿಗೂ ತಿಳಿಯದ ಹಾಗೆ ಇರುವುದೇ ನನ್ನ ಕೆಲಸವಾಗಿತ್ತು, ಈಗಲೂ ಸಿನಿಮಾ ಅಂದರೆ ನನ್ನ ಕಣ್ಣು ಮುಖಗಳ ಮೇಲೆ ನಿಲ್ಲುವುದಿಲ್ಲ, ಮೂಲೆಗೇ ಓಡುತ್ತದೆ. ಆದರೆ ಈ ಪ್ರಿಂಟಿನಲ್ಲಿ ಚುಕ್ಕೆಯೇ ಇಲ್ಲ, ಅಳಿಸಿಬಿಟ್ಟಿದ್ದಾರೆ, ಶುರುವಿಗೆ ಈ ಆಟ ಏರ್ಪಡಿಸಿದ ಮೇಷ್ಟ್ರು ಹೆಮ್ಮೆಯಿಂದ ಹೇಳಿದರಲ್ಲ, ಹಳೆಯ ಚಿತ್ರವನ್ನು ಒಂದೊಂದೇ ಚೌಕ ತೊಳೆದು ಗೀರು ಕಲೆ ಎಲ್ಲ ತೆಗೆದು ಹೊಸದು ಮಾಡಿದ್ದಾರೆ ಅಂತ, ಕಲೆಯ ಜೊತೆಗೆ ನನ್ನ ಚುಕ್ಕೆಗಳನ್ನೂ ತೊಳೆದುಬಿಟ್ಟಿದ್ದಾರೆ, ಈಗ ನಡೆಯುತ್ತಿರುವುದು ನಾಲ್ಕನೇ ರೀಲೋ ಐದನೆಯದೋ ಗೊತ್ತಾಗುತ್ತಿಲ್ಲ, ಏಳನೆಯದಕ್ಕೆ ಇನ್ನೆಷ್ಟು ಹೊತ್ತಿದೆ ಅಂತ ಗೊತ್ತಾಗುತ್ತಿಲ್ಲ, ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ತಾನೇ ಯಾವುದೋ ಗುಂಡಿ ಹುಡುಕುತ್ತಿದೆ, ಪಕ್ಕದಲ್ಲಿ ಕೂತ ಅಕ್ಕ ಆ ಕೈಗೆ ಮೆಲ್ಲಗೆ ಒಂದು ಏಟು ಹಾಕುತ್ತಾಳೆ, ಕೈ ಸುಮ್ನೆ ಇಟ್ಕೊಳೋ, ಮೆಷಿನ್ ನಿಂದಲ್ಲ ಇವತ್ತು. ನಾನು ಕೈ ಕಟ್ಟಿಕೊಂಡು ಕೂತೆ.

ಗ್ರಂಥಾಲಯದ ಮೇಲಿನ ಮಹಡಿ, ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಆಟ, ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಹನ್ನೊಂದು ಖಾಲಿ, ಕಿಟಕಿಗೆ ಕಟ್ಟಿದ ಕಪ್ಪು ಬಟ್ಟೆಯ ಅಂಚಿನಲ್ಲಿ ಬಿಸಿಲು ನುಸುಳಿ ಬರುತ್ತಿದೆ, ನನ್ನ ಕಾಲದಲ್ಲಾಗಿದ್ದರೆ ಇಷ್ಟು ಬೆಳಕು ಒಳಗೆ ಬಿಟ್ಟವನ ಗ್ರಹಚಾರ ಬಿಡಿಸುತ್ತಿದ್ದೆ, ಗೋಡೆಯ ಕಪ್ಪು ಹಲಗೆಯ ಮೇಲೆ ಮೇಷ್ಟ್ರು ಬರೆದಿದ್ದಾರೆ, ಹೆಸರಾಂತ ಚಿತ್ರಗಳ ಮುಕ್ತಾಯ ನಮಗೆ ತೃಪ್ತಿ ಕೊಡುತ್ತದೆಯೇ, ಅದರ ಕೆಳಗೆ ಎರಡು ಗೆರೆ, ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಪ್ರಶ್ನೆ ಅಂದ ಮೇಲೆ ಕೊನೆಗೆ ಉತ್ತರ ಬಂದೇ ಬರುತ್ತದೆ ಅಂತ ಈಗಲೂ ನಂಬಿದ್ದಾರೆ. ಈ ಪ್ರಶ್ನೆಯಿಂದಲೇ ಎಲ್ಲ ಶುರುವಾಯಿತು, ಹೋದ ವಾರ ಅಕ್ಕ ಗ್ರಂಥಾಲಯದ ಬಾಗಿಲಲ್ಲಿ ಅಂಟಿಸಿದ್ದ ಚೀಟಿ ಓದಿ ನಮ್ಮ ಕನ್ನಡಕದಂಗಡಿಗೆ ಓಡಿಬಂದಳು, ಅರವತ್ತೆಂಟು ವರ್ಷದವಳು ನಿಜವಾಗಿ ಓಡಿಬಂದಳು, ನಮ್ಮ ದೋಣಿ ಸಿನಿಮಾ ಹಾಕ್ತಾರಂತೆ ಕಣೋ, ಹೋಗೋಣ. ನನಗೆ ಕೈಯಲ್ಲಿದ್ದ ಫ್ರೇಮು ಜಾರಿತು, ಮಂಡಿ ನೋವು ಅಂದೆ, ನಿನ್ನ ಮಂಡಿಗೆ ಸಿನಿಮಾ ನೋಡೋಕೆ ಏನು ಕೆಲಸ ಅಂದಳು, ಮೆಟ್ಟಿಲು ಜಾಸ್ತಿ ಅಂದೆ, ಹದಿನೆಂಟೇ ಇರೋದು, ಎಣಿಸ್ಕೊಂಡೇ ಬಂದೆ ಅಂದಳು, ಹಳೇ ಸಿನಿಮಾ ಮತ್ತೆ ನೋಡಿದರೆ ರುಚಿ ಕೆಡುತ್ತೆ ಅಂತ ಕೊನೆಯ ಅಸ್ತ್ರ ಬಿಟ್ಟೆ, ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಮೂವತ್ತೊಂದು ವರ್ಷದಿಂದ ನೆನೆಸ್ಕೊಂಡಿದೀನಿ, ಕೆಡೋದಿದ್ರೆ ಯಾವತ್ತೋ ಕೆಡ್ತಿತ್ತು ಅಂದಳು.

ಪರದೆಯ ಮೇಲೆ ಗೋದಾಮಿನ ಕಾವಲುಗಾರ ಊಟಕ್ಕೆ ಕೂತಿದ್ದಾನೆ, ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಾಳೆ, ಇವನು ಮಾತಾಡುವುದಿಲ್ಲ, ಬರೀ ತಟ್ಟೆಯನ್ನು ಒಂದು ಬೆರಳಲ್ಲಿ ಮುಂದಕ್ಕೆ ತಳ್ಳುತ್ತಾನೆ, ಅವಳು ಬಡಿಸುತ್ತಾಳೆ, ಅಷ್ಟೇ, ಆ ಒಂದು ಬೆರಳಿಗೆ ಏನೇನೋ ಪ್ರಶಸ್ತಿ ಬಂತಂತೆ, ಅಕ್ಕನಿಗೆ ಪ್ರಶಸ್ತಿ ಗೊತ್ತಿಲ್ಲ, ಬೆರಳು ಗೊತ್ತು. ನಮ್ಮ ಭಾವ ಮೋಜಣಿದಾರ, ಊರವರ ಜಮೀನು ಅಳೆಯುವವನು, ಬೀದಿಯಲ್ಲಿ ಎಲ್ಲರನ್ನೂ ನಗುತ್ತಾ ಮಾತಾಡಿಸುವವನು, ಮನೆಯೊಳಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ನಗುವನ್ನೂ ಅಲ್ಲೇ ಬಿಡುತ್ತಿದ್ದ, ಅವಳನ್ನು ಎಷ್ಟು ಸಲ ಹೊಡೆದನೋ ನನಗೆ ಲೆಕ್ಕ ಸಿಕ್ಕಿಲ್ಲ, ಕೇಳಿದರೆ ತಾನೆ ಸಿಗುವುದು. ಮೂರು ಸಲ ಮನೆ ಬಿಟ್ಟು ಬಂದಿದ್ದಳು, ಮೂರು ಸಲವೂ ಅದೇ ದಿನ ಸಂಜೆ ವಾಪಸ್ಸು ಹೋಗಿ ಒಲೆ ಹಚ್ಚಿದಳು, ಒಂದು ಸಲ ಅವಳಾಗೇ ಹೋದಳು, ಒಂದು ಸಲ ಅವನೇ ಬಂದು ಕರೆದುಕೊಂಡು ಹೋದ, ಇನ್ನೊಂದು ಸಲ ನಾನು. ಅಮ್ಮ ಹೇಳಿದಳು, ಕರ್ಕೊಂಡು ಹೋಗಿ ಬಿಟ್ಟು ಬಾ, ಜನ ನೋಡೋ ಮುಂಚೆ, ನಾನು ಅವಳ ಚೀಲ ಹಿಡಿದುಕೊಂಡು ಮುಂದೆ, ಅವಳು ಹಿಂದೆ, ಐದು ಬೀದಿ, ಭಾವ ಬಾಗಿಲು ತೆಗೆದು ಏನೂ ನಡೆದೇ ಇಲ್ಲದವನ ಹಾಗೆ ಬನ್ನಿ ಬನ್ನಿ, ಕಾಫಿ ಕುಡಿದುಕೊಂಡೇ ಹೋಗಬೇಕು ಅಂದ, ಅಕ್ಕ ನೇರ ಒಳಗೆ ಹೋಗಿ ಕಾಫಿ ಮಾಡಿ ತಂದಳು, ನಾನು ಕುಡಿದೆ. ಅದನ್ನು ಕುಡಿದೆ ಅನ್ನುವುದೇ ನನ್ನಿಂದ ಈಗಲೂ ಸಹಿಸಲಾಗುವುದಿಲ್ಲ, ಲೋಟ ಕೆಳಗಿಟ್ಟು ಎದ್ದು ಬರಬಹುದಿತ್ತು, ಸಕ್ಕರೆ ಸರಿಯಾಗಿದೆಯಾ ಅಂತ ಅವಳು ಕೇಳಿದಳು, ಸರಿಯಾಗಿದೆ ಅಂದೆ, ಸರಿಯಾಗಿಯೇ ಇತ್ತು.

ಆಮೇಲೆ ಆ ಸಿನಿಮಾ ಬಂತು, ನಮ್ಮ ಥಿಯೇಟರಿಗೂ ಪೇಟೆ ಬೀದಿಯ ಥಿಯೇಟರಿಗೂ ಸೇರಿ ಒಂದೇ ಪ್ರಿಂಟು, ಪ್ರಶಸ್ತಿ ಬಂದ ಚಿತ್ರಕ್ಕೆ ಎರಡು ಪ್ರಿಂಟು ಯಾರು ತರಿಸುತ್ತಾರೆ, ಅವರ ಆಟ ಮುಕ್ಕಾಲು ಗಂಟೆ ಮೊದಲು ಶುರು, ಅಲ್ಲಿ ಒಂದು ರೀಲು ಮುಗಿದ ಹಾಗೆ ಅದನ್ನು ಸುತ್ತಿ ಡಬ್ಬಿಗೆ ಹಾಕಿ ಸ್ಕೂಟರಣ್ಣನ ಕೈಗೆ ಕೊಡುತ್ತಾರೆ, ಅವನು ತಂದು ನನಗೆ ಕೊಡುತ್ತಾನೆ, ಹಿಂದಿನ ಡಬ್ಬಿ ಒಯ್ಯುತ್ತಾನೆ, ದಿನಕ್ಕೆ ಮೂರು ಆಟ, ಆಟಕ್ಕೆ ಏಳು ಡಬ್ಬಿ, ಪಾಪ, ಆ ಚಿತ್ರದ ಹೀರೋ ಯಾರು ಅಂತ ಕೇಳಿದರೆ ನಾನೇ ಅನ್ನುತ್ತಿದ್ದ ಸ್ಕೂಟರಣ್ಣ. ಡಬ್ಬಿ ಬರುವುದು ತಡವಾದರೆ ಪರದೆ ಬಿಳಿಯಾಗಿ ಬಿಡಬಾರದು, ಕುರ್ಚಿ ಮುರಿಯುತ್ತಾರೆ, ಅದಕ್ಕೇ ಥಿಯೇಟರಿನ ಯಜಮಾನರು ಒಂದು ಉಪಾಯ ಹೇಳಿಕೊಟ್ಟಿದ್ದರು, ಯಾವುದೋ ಹಳೇ ಚಿತ್ರದ ಬಾಲದಿಂದ ಕತ್ತರಿಸಿಟ್ಟ ತುಂಡು, ಕಪ್ಪು ಹಿನ್ನೆಲೆಯ ಮೇಲೆ ಮುಕ್ತಾಯ ಅಂತ ಬಿಳಿ ಅಕ್ಷರ, ಹತ್ತು ಸೆಕೆಂಡು ಓಡುತ್ತದೆ, ಕೊನೆಯ ರೀಲು ಬರದೇ ಹೋದರೆ ಅದನ್ನು ಹಾಕಿ ದೀಪ ಹತ್ತಿಸಿಬಿಡು, ಜನ ಎದ್ದು ಹೋಗ್ತಾರೆ. ಮೂರನೇ ದಿನ ಮಧ್ಯಾಹ್ನದ ಆಟ, ಭಾವ ಅಳತೆಗೆ ಹೋಗಿದ್ದ, ಅಕ್ಕ ಹಿಂದಿನ ಬಾಗಿಲಿಂದ ಬಂದು ಮೂರನೇ ಸಾಲಿನಲ್ಲಿ ಕೂತಳು, ಬಲಗೈಗೆ ಟವೆಲು ಸುತ್ತಿಕೊಂಡಿದ್ದಳು, ಟ್ರಂಕಿನ ಮುಚ್ಚಳ ಬಿತ್ತು ಅಂದಳು, ಮುಚ್ಚಳ ಮೂರೇ ಬೆರಳ ಮೇಲೆ ಹೇಗೆ ಬೀಳುತ್ತೆ ಅಂತ ನಾನು ಕೇಳಲಿಲ್ಲ. ಆರನೇ ರೀಲು ಓಡುತ್ತಿದೆ, ಏಳನೆಯದು ಬಂದಿಲ್ಲ, ಎರಡನೇ ಮೆಷಿನ್ನಿಗೆ ಮುಕ್ತಾಯದ ತುಂಡು ಪೋಣಿಸಿಟ್ಟಿದ್ದೇನೆ, ಮೆಷಿನ್ ಕೋಣೆಯ ಕಿಂಡಿಯಿಂದ ಕೆಳಗೆ ನೋಡಿದರೆ ಅವಳು ಮುಂದಕ್ಕೆ ಬಾಗಿ ಕೂತಿದ್ದಾಳೆ, ಪರದೆಯ ಮೇಲೆ ಆ ಹೆಂಗಸು ಗಂಟು ಹಿಡಿದು ನದಿ ಕಡೆ ನಡೆಯುತ್ತಿದ್ದಾಳೆ, ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು, ಸ್ಕೂಟರಣ್ಣ, ಟಯರು ಪಂಕ್ಚರಾಗಿತ್ತು ಕಣಯ್ಯ, ತಳ್ಕೊಂಡೇ ಬಂದೆ, ತಗೋ, ಅಂದು ಡಬ್ಬಿ ಕೊಟ್ಟು ನೀರು ಹುಡುಕಿಕೊಂಡು ಕೆಳಗೆ ಇಳಿದ. ಇನ್ನೂ ನಾಲ್ಕು ನಿಮಿಷ ಇತ್ತು, ರೀಲು ಪೋಣಿಸಲು ನನಗೆ ಒಂದೂವರೆ ನಿಮಿಷ ಸಾಕು. ಹಿಂದಿನ ಎರಡು ದಿನದಲ್ಲಿ ಆರು ಸಲ ನೋಡಿದ್ದೆ ಆ ರೀಲನ್ನು, ಅದರಲ್ಲಿ ಏನಿದೆ ಅಂತ ಗೊತ್ತಿತ್ತು, ಅವಳು ವಾಪಸ್ಸು ಬರುತ್ತಾಳೆ, ಬಂದು ಒಲೆ ಹಚ್ಚುತ್ತಾಳೆ. ಡಬ್ಬಿಯನ್ನು ನೆಲಕ್ಕಿಟ್ಟೆ, ಬಿಸಿಲಿಗೆ ಕಾದು ಸುಡುತ್ತಿತ್ತು, ಅದರ ಮೇಲೆ ಕೂತೆ, ಕೂತುಕೊಂಡು ಕಿಂಡಿಯಲ್ಲಿ ಅಕ್ಕನ ತಲೆ ನೋಡುತ್ತಾ ಚುಕ್ಕೆಗೆ ಕಾದೆ, ದೋಣಿ ದಡ ಬಿಟ್ಟಿತು, ಮೊದಲ ಚುಕ್ಕೆ, ಮೋಟಾರು ಹಾಕಿದೆ, ಒಂದು ಎರಡು ಮೂರು ನಾಲ್ಕು ಐದು ಆರು ಏಳು, ಮುಕ್ತಾಯ.

ಯಾರಾದರೂ ಗಲಾಟೆ ಮಾಡುತ್ತಾರೆ ಅಂತ ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ, ಒಬ್ಬರೂ ಕೇಳಲಿಲ್ಲ, ಕಥೆ ನಡುನೀರಿನಲ್ಲಿ ನಿಂತಿದೆ, ಜನ ಚಪ್ಪಲಿ ಹುಡುಕಿಕೊಂಡು ಎದ್ದರು, ಕಿಂಡಿಯ ಕೆಳಗೇ ಒಬ್ಬ ಇನ್ನೊಬ್ಬನಿಗೆ ಹೇಳಿದ, ಏನಪ್ಪಾ ಹೀಗೆ ಮುಗಿಸ್ಬಿಟ್ರು, ಅದಕ್ಕೆ ಅವನು, ಪ್ರಶಸ್ತಿ ಬಂದಿದ್ದಲ್ವಾ, ಹೀಗೇ ಇರುತ್ತೆ, ಉಳಿದಿದ್ದು ನಾವು ಯೋಚ್ನೆ ಮಾಡ್ಕೋಬೇಕು. ಮಾಮೂಲಿ ಚಿತ್ರವಾಗಿದ್ದರೆ ನನ್ನ ಚರ್ಮ ಸುಲಿಯುತ್ತಿದ್ದರು, ದೊಡ್ಡ ಹೆಸರಿನ ಚಿತ್ರ, ಕಾಲು ಮುರಿದು ನಿಲ್ಲಿಸಿದರೂ ಅದೇ ಅದರ ನಡಿಗೆ ಅಂದುಕೊಂಡು ಹೋದರು. ಯಜಮಾನರಿಗೆ ಮಾತ್ರ ಸುದ್ದಿ ಹೋಯಿತು, ರೀಲು ಹೊತ್ತಿಗೆ ಸರಿಯಾಗಿ ಬರಲಿಲ್ಲ ಅಂದೆ, ಅವರು ಸ್ಕೂಟರಣ್ಣನನ್ನು ಎಲ್ಲರ ಎದುರು ನಿಲ್ಲಿಸಿಕೊಂಡು ಬೈದರು, ಅವನು ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ, ಅವನೂ ಏನೂ ಹೇಳಲಿಲ್ಲ, ಪುಣ್ಯಾತ್ಮ, ಆರು ವರ್ಷದ ಕೆಳಗೆ ತೀರಿಕೊಂಡ, ಈಗ ಇದು ಗೊತ್ತಿರುವುದು ನನಗೊಬ್ಬನಿಗೇ. ಮಾರನೇ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಅಕ್ಕ ನನ್ನ ಕೋಣೆಯ ಬಾಗಿಲಲ್ಲಿ, ಚೀಲ ಎಡಗೈಯಲ್ಲಿ, ಹೊರಟೆ ಕಣೋ, ಬೇರೆ ಊರಿಗೆ, ನೀನು ಬರ್ಬೇಡ, ಚೀಲ ಹಿಡೀಬೇಡ, ಹೇಳಿ ಹೋಗೋಣ ಅಂತ ಬಂದೆ. ಹೋದಳು, ಹೋದವಳು ಸಂಜೆ ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ, ಒಬ್ಬ ಮುದುಕರ ಕನ್ನಡಕದಂಗಡಿಯಲ್ಲಿ ಗಾಜು ತೊಳೆಯಲು ಸೇರಿದಳು, ಗಾಜು ಉಜ್ಜುವುದು ಕಲಿತಳು, ಕಣ್ಣು ಪರೀಕ್ಷೆ ಕಲಿತಳು, ಮುದುಕರು ಹೋಗುವಾಗ ಅಂಗಡಿ ಅವಳಿಗೇ ಬಿಟ್ಟು ಹೋದರು, ನಮ್ಮ ಥಿಯೇಟರ್ ಮುಚ್ಚಿದ ಮೇಲೆ ನಾನೂ ಬಂದು ಅಂಗಡಿಯ ಹಿಂದಿನ ಕೋಣೆ ಸೇರಿಕೊಂಡೆ, ಫ್ರೇಮು ಒರೆಸುತ್ತೇನೆ, ಸ್ಕ್ರೂ ಬಿಗಿಯುತ್ತೇನೆ. ಕೆಲವು ಹೆಂಗಸರು ಬರುತ್ತಾರೆ, ಕನ್ನಡಕ ಮುರಿದಿದೆ ಅಂತ, ಹೇಗೆ ಮುರೀತು ಅಂದರೆ ಬಿತ್ತು ಅನ್ನುತ್ತಾರೆ, ಅಕ್ಕ ಅವರನ್ನು ಒಳಗೆ ಕೂರಿಸಿಕೊಂಡು ಆ ಸಿನಿಮಾದ ಕಥೆ ಹೇಳುತ್ತಾಳೆ, ಪ್ರತಿ ಸಲ ಒಂದೇ ಮಾತು, ಆ ದೋಣಿ ದಡ ಬಿಡ್ತು ನೋಡಮ್ಮ, ಅಲ್ಲಿಗೆ ಮುಗೀತು, ನನ್ನನ್ನ ಯಾರೂ ತಳ್ಳಲಿಲ್ಲ, ಯಾರೂ ಹೇಳಿಕೊಡ್ಲಿಲ್ಲ, ನನ್ನ ಕಣ್ಣಲ್ಲಿ ನಾನೇ ನೋಡ್ದೆ, ನಾನೇ ಎದ್ದು ಬಂದೆ. ನಾನು ಹಿಂದಿನ ಕೋಣೆಯ ಬಾಗಿಲಿಗೆ ಕಟ್ಟಿದ ಬಟ್ಟೆಯ ಈ ಕಡೆ ಕೂತು ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತೇನೆ.

ನದಿ ಬಂತು — ಚುಕ್ಕೆ ಇಲ್ಲದಿದ್ದರೇನು, ಈ ನದಿ ನನಗೆ ಗೊತ್ತು, ಆರನೆಯ ರೀಲಿನ ಕೊನೆ, ಹೆಂಗಸು ದೋಣಿ ಹತ್ತಿದಳು, ದೋಣಿಯವನು ಕೋಲಿನಿಂದ ದಡವನ್ನು ಒತ್ತಿದ, ನೀರು ಅಗಲವಾಗುತ್ತಿದೆ, ಅಕ್ಕ ದೊಡ್ಡದೊಂದು ಉಸಿರು ಬಿಟ್ಟು, ನೋಡ್ದಾ, ಅಂತ ನನ್ನ ಕಡೆ ತಿರುಗಿ ನಕ್ಕಳು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಅದರ ಪೆಟ್ಟಿಗೆಗೆ ಹಾಕಿ ಟಕ್ಕನೆ ಮುಚ್ಚಿದಳು, ಅವಳ ಮಟ್ಟಿಗೆ ಸಿನಿಮಾ ಮುಗಿದಿತ್ತು. ಈಗ ಹೇಳಬಹುದಿತ್ತು, ಬಾ ಹೋಗೋಣ, ಮಂಡಿ ಹಿಡ್ಕೊಂಡಿದೆ ಅಂತ ಎಬ್ಬಿಸಿಕೊಂಡು ಹೋಗಬಹುದಿತ್ತು, ಪರದೆ ಕಪ್ಪಾಗಲಿಲ್ಲ, ಆಚೆಯ ದಡ ಕಾಣಿಸಿತು, ಹೆಂಗಸು ಇಳಿದಳು, ಅಕ್ಕ ಕೈಯಲ್ಲೇ ತಡಕಾಡಿ ಪೆಟ್ಟಿಗೆ ತೆಗೆದಳು, ಕನ್ನಡಕ ಹಾಕಿಕೊಂಡಳು. ತಂಗಿಯ ಮನೆಗೆ ಬೀಗ, ಹೆಂಗಸು ಜಗುಲಿಯ ಮೇಲೆ ಕೂತಿದ್ದಾಳೆ, ಬಿಸಿಲು ಗೋಡೆಯಿಂದ ಇಳಿಯುತ್ತಾ ಇಳಿಯುತ್ತಾ ಅವಳ ಪಾದಕ್ಕೆ ಬರುತ್ತದೆ, ಯಾರೂ ಬರುವುದಿಲ್ಲ, ಅದೇ ದೋಣಿ, ಅದೇ ದೋಣಿಯವನು, ಏನೂ ಕೇಳದೆ ಕೋಲು ಹಾಕುತ್ತಾನೆ, ಈಚೆಯ ದಡದಲ್ಲಿ ಮೊಣಕಾಲುದ್ದ ನೀರಿನಲ್ಲಿ ಇಳಿದು ನಡೆಯುತ್ತಾಳೆ, ನಾನು ಪಕ್ಕಕ್ಕೆ ನೋಡಲಾರೆ, ನೋಡದೆ ಇರಲಾರೆ, ಅಕ್ಕನ ಕನ್ನಡಕದ ಗಾಜಿನಲ್ಲಿ ಇಡೀ ಪರದೆ ಸಣ್ಣದಾಗಿ ಕಾಣುತ್ತಿದೆ, ಅದರ ಹಿಂದೆ ಕಣ್ಣು ಕಾಣುತ್ತಿಲ್ಲ. ಅಡುಗೆಮನೆಯ ನೆಲ, ಬರೀ ನೆಲ, ಮನುಷ್ಯರಿಲ್ಲ, ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳು, ಐದು, ಎಲ್ಲಿಂದಲೋ ಒಲೆ ಊದುವ ಸದ್ದು, ಹೆಜ್ಜೆಗಳು ಒಂದೊಂದಾಗಿ ಆರುತ್ತವೆ, ಮೊದಲು ಹಿಮ್ಮಡಿ, ಆಮೇಲೆ ಅಂಗಾಲು, ಬೆರಳುಗಳ ಗುರುತು ಕೊನೆಗೆ, ನಲವತ್ತು ಸೆಕೆಂಡು ಅದೇ, ಆಮೇಲೆ ಕಪ್ಪು. ದೀಪ ಹತ್ತಿತು, ಅಕ್ಕ ಈ ಸಲ ಕನ್ನಡಕ ತೆಗೆಯಲಿಲ್ಲ.

ಕುರ್ಚಿಗಳನ್ನು ದುಂಡಗೆ ಎಳೆದುಕೊಂಡು ಕೂತರು, ಮೇಷ್ಟ್ರು ಹಲಗೆ ತೋರಿಸಿ ಪ್ರಶ್ನೆ ಓದಿದರು, ವಿಮರ್ಶಕರು ಮೊದಲು ಮಾತಾಡಿದರು, ಪತ್ರಿಕೆಯಲ್ಲಿ ಬರೆಯುವವರು, ಕನ್ನಡಕ ಮೂಗಿನ ತುದಿಗೆ ಬಂದು ನಿಂತಿದೆ, ಬೇರೆ ದಿನವಾಗಿದ್ದರೆ ಅಕ್ಕ ನನ್ನ ಕಿವಿಯಲ್ಲಿ, ಇವರಿಗೆ ಲೋಕ ಅರ್ಧವೇ ಕಾಣೋದು ಅಂದಿರುತ್ತಿದ್ದಳು, ಇವತ್ತು ಅನ್ನಲಿಲ್ಲ. ತೃಪ್ತಿ ಕೊಡುವುದು ಕಲೆಯ ಕೆಲಸವೇ ಅಲ್ಲ, ಸತ್ಯ ಹೇಳುವುದು ಕೆಲಸ, ಅವಳಿಗೆ ಹೋಗಲು ಜಾಗ ಇಲ್ಲ, ಅವಳು ವಾಪಸ್ಸು ಬರಲೇಬೇಕು, ಹೋಗಿದ್ದರೆ ಇದು ಅಗ್ಗದ ಚಿತ್ರವಾಗುತ್ತಿತ್ತು ಅಂತ ಅವರ ವಾದ. ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದಿದ್ದ ನರ್ಸ್ ಹುಡುಗಿ ಬಿಡಲಿಲ್ಲ, ವಾಪಸ್ಸು ಬಂದಳು ಅಂತ ಹೇಗೆ ಹೇಳುತ್ತೀರಿ ಸರ್, ಮುಖ ಎಲ್ಲಿ ತೋರಿಸಿದ್ದಾರೆ, ಆ ಹೆಜ್ಜೆ ಹೊರಗೆ ಹೋಗುವವಳದ್ದೂ ಇರಬಹುದು, ಒಲೆ ಊದುತ್ತಿರುವವನು ಗಂಡನೂ ಇರಬಹುದು ಅಂದಳು, ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಬೆರಳು ಯಾವ ಕಡೆಗಿದ್ದವು, ಒಳಗಡೆಗೆ, ಅಲ್ಲ ಹೊರಗಡೆಗೆ, ಐದು ಹೆಜ್ಜೆ, ಅಲ್ಲ ನಾಲ್ಕು, ಮೇಷ್ಟ್ರಿಗೆ ಖುಷಿಯೋ ಖುಷಿ, ಕೊನೆಯ ದೃಶ್ಯದ ಶುರುವನ್ನು ಮತ್ತೆ ಹಾಕಿ ನಿಲ್ಲಿಸಿದರು, ಅಡುಗೆಮನೆಯ ನೆಲ, ಒದ್ದೆ ಹೆಜ್ಜೆಗಳು, ಈಗ ಆರುವುದಿಲ್ಲ, ನಿಂತಿವೆ. ಅಕ್ಕ ಎದ್ದಳು, ಪರದೆಯ ಹತ್ತಿರ ಹೋದಳು, ಬಗ್ಗಿ ನೋಡಿದಳು, ಅವಳ ನೆರಳು ಅಡುಗೆಮನೆಯ ಮೇಲೆ ಬಿತ್ತು, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ಅಂಗಡಿಯಲ್ಲಿ ಗಾಜು ನೋಡುವ ಹಾಗೆಯೇ. ಐದು, ಅಂದಳು, ಐದೂ ಒಳಗೇ ಬಂದಿವೆ, ಹೊರಗೆ ಹೋಗಿರೋದು ಒಂದೂ ಇಲ್ಲಮ್ಮ, ಅವರು ಹೇಳಿದ್ದೇ ಸರಿ. ವಿಮರ್ಶಕರು ತಲೆ ಬಾಗಿಸಿದರು, ಅಕ್ಕ ಅಲ್ಲೇ ನಿಂತು ಹೇಳಿದಳು, ಆದ್ರೆ ನಾನು ನೋಡಿದ್ದ ಸಿನಿಮಾ ಇದಲ್ಲ, ನಾನು ನೋಡಿದ್ರಲ್ಲಿ ದೋಣಿ ದಡ ಬಿಟ್ಟ ಮೇಲೆ ಮುಕ್ತಾಯ ಅಂತ ಬಂತು.

ಅಂಥ ಪ್ರತಿ ಇಲ್ಲಮ್ಮ, ಅಂದರು ವಿಮರ್ಶಕರು, ಒರಟಾಗಿ ಅಲ್ಲ, ನಯವಾಗಿಯೇ, ಈ ಚಿತ್ರದ ಬಗ್ಗೆ ಬರೆದದ್ದೆಲ್ಲ ಓದಿದ್ದಾರಂತೆ, ಎಲ್ಲಿಯೂ ಇಲ್ಲ, ಹೀಗಾಗುತ್ತದೆ, ತುಂಬಾ ಇಷ್ಟಪಟ್ಟ ಚಿತ್ರಕ್ಕೆ ನಮಗೆ ಬೇಕಾದ ಕೊನೆಯನ್ನು ನಾವೇ ಕಟ್ಟಿಕೊಂಡುಬಿಡುತ್ತೇವೆ, ನೆನಪು ಹಾಗೆ ಆಟ ಆಡಿಸುತ್ತದೆ, ವಯಸ್ಸೂ ಆಯಿತಲ್ಲ. ಯಾರೋ ಸಣ್ಣಗೆ ನಕ್ಕರು, ನರ್ಸ್ ಹುಡುಗಿ ಕೂಡ ಅನುಕಂಪದಿಂದ ಅಕ್ಕನನ್ನು ನೋಡಿದಳು, ಅದೇ ಸಾಕಾಯಿತು, ಅಕ್ಕನ ಮುಖದಲ್ಲಿ ನಾನು ಯಾವತ್ತೂ ನೋಡಿರದ ಒಂದು ಗಲಿಬಿಲಿ, ಮೂವತ್ತೊಂದು ವರ್ಷ ತಾನು ಹೇಳಿಕೊಂಡು ಬಂದದ್ದು ತಾನೇ ಕಟ್ಟಿದ ಕಥೆಯೋ ಏನೋ ಅನ್ನುವ ಹಾಗೆ, ಕೈ ಗಾಳಿಯಲ್ಲಿ ಕುರ್ಚಿಯ ಬೆನ್ನು ಹುಡುಕಿತು, ನನ್ನ ಕಡೆ ತಿರುಗಿದಳು, ನೀನೇ ತಾನೇ ಮೆಷಿನ್ ಓಡಿಸಿದ್ದು, ಹೇಳು ಇವರಿಗೆ. ಹಳೆಯ ಸುಳ್ಳು ಬಾಯಲ್ಲೇ ಸಿದ್ಧವಾಗಿತ್ತು, ರೀಲು ಬರಲಿಲ್ಲ, ಪಂಕ್ಚರು, ಇಷ್ಟು ಹೇಳಿದರೆ ಅಕ್ಕನ ನೆನಪೂ ಉಳಿಯುತ್ತದೆ, ನಾನೂ ಉಳಿಯುತ್ತೇನೆ, ಎಲ್ಲರೂ ನಕ್ಕು ಮನೆಗೆ ಹೋಗುತ್ತೇವೆ, ಅರ್ಧ ಹೇಳಿಯೂಬಿಟ್ಟೆ, ಅವಳು ಹೇಳಿದ್ದು ನಿಜ, ಕೊನೇ ರೀಲು ಹಾಕಿರ್ಲಿಲ್ಲ ಅವತ್ತು, ಅಂದೆ, ಅಲ್ಲಿಗೆ ನಿಲ್ಲಿಸಬಹುದಿತ್ತು, ಅಕ್ಕನ ಮುಖಕ್ಕೆ ರಕ್ತ ವಾಪಸ್ಸು ಬರುತ್ತಿತ್ತು, ಯಾಕೆ, ಬರ್ಲಿಲ್ವಾ, ಅಂತ ಮೇಷ್ಟ್ರು ಕೇಳಿದರು, ಕಣ್ಣ ಮುಂದೆ ಸ್ಕೂಟರಣ್ಣ ಅವತ್ತಿನ ಹಾಗೇ ಎಲ್ಲರ ಎದುರು ತಲೆ ತಗ್ಗಿಸಿ ನಿಂತಿದ್ದಾನೆ, ನಾನು ಗೋಡೆ ನೋಡುತ್ತಿದ್ದೇನೆ — ಬಂದಿತ್ತು, ಅಂದೆ, ಹೊತ್ತಿಗೆ ಮುಂಚೆಯೇ ಬಂದಿತ್ತು, ನಾನೇ ಹಾಕ್ಲಿಲ್ಲ. ಅಕ್ಕ ಒಂದೇ ಕೇಳಿದಳು, ಅದರಲ್ಲಿ ಏನಿದೆ ಅಂತ ನಿಂಗೆ ಗೊತ್ತಿತ್ತಾ. ಗೊತ್ತಿತ್ತು. ನಾನು ಕೆಳಗೆ ಕೂತಿದೀನಿ ಅಂತಾನೂ. ಗೊತ್ತಿತ್ತು ಅಕ್ಕ. ಅವಳು ಅಳುತ್ತಾಳೆ, ಇಲ್ಲವೇ ನನ್ನ ತಲೆ ಸವರುತ್ತಾಳೆ, ನನ್ನನ್ನು ಬದುಕಿಸಿದೆ ಕಣೋ ಅನ್ನುತ್ತಾಳೆ ಅಂದುಕೊಂಡೆ, ಇಷ್ಟು ವರ್ಷ ಒಳಗೊಳಗೇ ಆ ಮಾತಿಗೆ ಕಾದಿದ್ದೆ ಅಂತ ಆ ಕ್ಷಣದಲ್ಲೇ ನನಗೆ ತಿಳಿದದ್ದು, ನಾಚಿಕೆಯಾಯಿತು. ಅವಳು ತುಂಬಾ ಮೆಲ್ಲಗೆ ಹೇಳಿದಳು, ಹಾಗಾದ್ರೆ ಆ ಸಲ ವಾಪಸ್ಸು ಕರ್ಕೊಂಡು ಹೋಗಿ ಬಿಟ್ಟಿದ್ದೂ ನೀನೇ, ಈ ಸಲ ಹೊರಗೆ ತಂದು ಬಿಟ್ಟಿದ್ದೂ ನೀನೇ, ನಾನು ಎಲ್ಲಿ ನಡೆದೆ.

ಒಳ್ಳೆಯದಕ್ಕೇ ಮಾಡಿದೆ ಅನ್ನಬಹುದು, ಅಮ್ಮನೂ ಅದನ್ನೇ ಅಂದಿದ್ದಳು. ಅಕ್ಕ ಎಲ್ಲರನ್ನೂ ಬಿಟ್ಟು ಒಂದು ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿಕೊಂಡು ಕೂತಳು, ನನಗೆ ಬೆನ್ನು, ಮೇಷ್ಟ್ರೇ, ದೋಣಿ ದಡ ಬಿಡೋ ಜಾಗದಿಂದ ಮತ್ತೆ ಹಾಕಿ, ಅಂದಳು, ಅವತ್ತು ನೋಡ್ಬೇಕಾಗಿದ್ದನ್ನ ಇವತ್ತು ನೋಡ್ತೀನಿ, ಇದನ್ನ ನೋಡಿದ್ರೆ ನಾನು ಹೊರಡ್ತಿದ್ನಾ ಇಲ್ವಾ, ನೋಡಿ ಆಮೇಲೆ ಹೇಳ್ತೀನಿ. ಮೇಷ್ಟ್ರು ನನ್ನನ್ನು ನೋಡಿದರು, ಆಮೇಲೆ ದೀಪ ಆರಿಸಿದರು, ವಿಮರ್ಶಕರೂ ಸದ್ದಿಲ್ಲದೆ ಕೂತರು, ಮತ್ತೆ ಅದೇ ನದಿ, ಆಚೆಯ ದಡ, ಬೀಗ, ಜಗುಲಿ, ಬಿಸಿಲು ಇಳಿಯುತ್ತಿದೆ, ಈ ಸಲ ನಾನು ಮೂಲೆ ನೋಡುತ್ತಿಲ್ಲ, ಅಕ್ಕನ ತಲೆಯ ಹಿಂಭಾಗ ನೋಡುತ್ತಿದ್ದೇನೆ, ನರೆತ ಕೂದಲು, ಕಿವಿಯ ಮೇಲೆ ಕನ್ನಡಕದ ಕಡ್ಡಿ, ತಲೆ ಅಲುಗುತ್ತಿಲ್ಲ, ಹೊರಡುತ್ತಿದ್ದೆ ಅನ್ನು ಅಕ್ಕ, ಹೇಗಾದರೂ ಹೊರಡುತ್ತಿದ್ದೆ ಅನ್ನು, ನಿನ್ನ ಕೈಯಿಲ್ಲದೆಯೂ ಹೊರಡುತ್ತಿದ್ದೆ ಅನ್ನು, ನನಗೆ ಬೇರೇನೂ ಬೇಡ, ದೋಣಿ ವಾಪಸ್ಸು ಬಂತು, ನೀರು, ಅಡುಗೆಮನೆಯ ನೆಲ, ಒದ್ದೆ ಹೆಜ್ಜೆಗಳು ಐದು, ಒಲೆ ಊದುವ ಸದ್ದು, ಮೊದಲನೆಯದು ಆರಿತು, ಹಿಮ್ಮಡಿ, ಅಂಗಾಲು, ಬೆರಳು, ಎರಡನೆಯದು ಆರಿತು, ಅಕ್ಕ ತಿರುಗಲಿಲ್ಲ, ಮೂರು, ಯಾರೂ ಕೆಮ್ಮುತ್ತಿಲ್ಲ, ನಾಲ್ಕು, ಐದನೆಯದರ ಹಿಮ್ಮಡಿ ಹೋಯಿತು, ಅಂಗಾಲು ಹೋಯಿತು, ಕಲ್ಲಿನ ಮೇಲೆ ಐದು ಬೆರಳಿನ ಗುರುತು ಒದ್ದೆಯಾಗಿ, ಇನ್ನೂ ಒದ್ದೆಯಾಗಿ, ಐದು ಬೆರಳು,